ಯಾರ ಮೇಲೂ ಬಳಸದ ಕಾನೂನು: ಟೂನನ್ ಪ್ರಕರಣ ಮತ್ತು ಲೈಂಗಿಕ ಒಲವಿನ ತಾರತಮ್ಯ

ಒಬ್ಬ ವ್ಯಕ್ತಿಯ ಪ್ರೀತಿ ಮತ್ತು ಆಕರ್ಷಣೆ ಯಾವ ಲಿಂಗದವರ ಕಡೆಗೆ ಹರಿಯುತ್ತದೆ ಎಂಬುದಕ್ಕೆ ‘ಲೈಂಗಿಕ ಒಲವು’ ಎಂದು ಹೆಸರು. ತನ್ನನ್ನು ತಾನು ಗಂಡೆಂದೋ ಹೆಣ್ಣೆಂದೋ ಎರಡೂ ಅಲ್ಲವೆಂದೋ ಅರಿಯುವ ‘ಲಿಂಗ ಗುರುತು’ ಬೇರೆಯೇ ವಿಷಯವಾದುದರಿಂದ ಈ ಅಧ್ಯಾಯ ಅದಕ್ಕೆ ಕೈಹಾಕುವುದಿಲ್ಲ. ಸಕಾರಣವಿಲ್ಲದೆ ಒಂದು ಗುಂಪಿನವರನ್ನು ಇತರರಿಗಿಂತ ಕೀಳಾಗಿ ನಡೆಸಿಕೊಳ್ಳುವುದು ತಾರತಮ್ಯ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ಒಪ್ಪಂದವಲ್ಲ. 1966ರಲ್ಲಿ ಅಂಗೀಕಾರವಾಗಿ 1976ರಲ್ಲಿ ಜಾರಿಗೆ ಬಂದ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆ ಮಾತ್ರ ಅದಕ್ಕೆ ಸೇರಿದ ದೇಶಗಳನ್ನು ಕಾನೂನಿನಿಂದ ಕಟ್ಟಿಹಾಕುತ್ತದೆ. ತಾರತಮ್ಯಕ್ಕೆ ಆಧಾರವಾಗಬಾರದ ಸಂಗತಿಗಳ ಪಟ್ಟಿ ಎರಡರಲ್ಲೂ ಇದೆ. ಅದರಲ್ಲಿ ಜನಾಂಗ, ಬಣ್ಣ, ಲಿಂಗ, ಭಾಷೆ, ಧರ್ಮ ಮೊದಲಾದವು ಬಂದು, ಕೊನೆಗೆ ‘ಇತರ ಸ್ಥಾನಮಾನ’ ಎಂಬ ತೆರೆದ ಬಾಗಿಲೂ ಇದೆ, ಆದರೆ ಲೈಂಗಿಕ ಒಲವಿನ ಹೆಸರು ಎಲ್ಲಿಯೂ ಇಲ್ಲ. ಹೆಸರೇ ಇಲ್ಲದ ಸಂಗತಿಗೆ ರಕ್ಷಣೆ ಹೇಗೆ ಬಂತೆಂಬುದನ್ನು ಆಸ್ಟ್ರೇಲಿಯದ ಒಂದು ಪ್ರಕರಣದ ಮೂಲಕ ಅರಿಯುವುದು ಸುಲಭ.

ಅದಕ್ಕೆ ಮೊದಲು, ಮಂಡಳಿ, ಸಮಿತಿ ಎಂಬ ಎರಡು ಹೆಸರುಗಳ ನಡುವಿನ ಒಂದು ಗೊಂದಲವನ್ನು ದಾಟಬೇಕು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ಎಂಬುದು 47 ದೇಶಗಳ ಸರ್ಕಾರಗಳು ಕೂತು ಮತ ಹಾಕುವ ರಾಜಕೀಯ ವೇದಿಕೆ. ಲೈಂಗಿಕ ಒಲವಿನ ವಿಷಯದಲ್ಲಿ 2011ರಲ್ಲಿ ದಕ್ಷಿಣ ಆಫ್ರಿಕದ ಮುಂದಾಳುತನದಲ್ಲಿ ಬಂದ ನಿರ್ಣಯವನ್ನು ಅದು 23ಕ್ಕೆ 19 ಮತಗಳಿಂದ ಅಂಗೀಕರಿಸಿತು. ಮಾನವ ಹಕ್ಕುಗಳ ಸಮಿತಿ ಎಂಬುದು ಒಡಂಬಡಿಕೆಯ ಪಾಲನೆಯನ್ನು ನೋಡಿಕೊಳ್ಳುವ, ಯಾವ ಸರ್ಕಾರದ ಪರವಾಗಿಯೂ ಮಾತನಾಡದ 18 ತಜ್ಞರ ಸಭೆ. ಒಡಂಬಡಿಕೆಗೆ ಹೊಂದಿಕೊಂಡ ‘ಐಚ್ಛಿಕ ಪೂರಕ ಒಪ್ಪಂದ’ಕ್ಕೂ ಒಂದು ದೇಶ ಸೇರಿದ್ದರೆ, ಆ ದೇಶದ ವ್ಯಕ್ತಿ ತನ್ನ ನೆಲದಲ್ಲಿ ಪರಿಣಾಮಕಾರಿ ಪರಿಹಾರದ ದಾರಿ ಉಳಿದಿಲ್ಲವೆಂದಾದಾಗ ಈ ಸಮಿತಿಗೆ ದೂರು ಬರೆಯಬಹುದು.

ಆಸ್ಟ್ರೇಲಿಯದ ಮಟ್ಟಿಗೆ ಆ ಪೂರಕ ಒಪ್ಪಂದ ಜಾರಿಗೆ ಬಂದದ್ದು 1991ರ ಡಿಸೆಂಬರ್ 25ರಂದು. ಟ್ಯಾಸ್ಮೇನಿಯ ರಾಜ್ಯದ ನಿಕೋಲಸ್ ಟೂನನ್ ಎಂಬ ಹೋರಾಟಗಾರನ ದೂರಿನ ಮೇಲಿರುವ ದಿನಾಂಕವೂ ಅದೇ, ಎಂದರೆ ಬಾಗಿಲು ತೆರೆದ ದಿನವೇ ಆತ ಹೊಸ್ತಿಲಲ್ಲಿ ನಿಂತಿದ್ದ. ದಕ್ಷಿಣ ಆಸ್ಟ್ರೇಲಿಯ 1975ರಲ್ಲಿ ಆರಂಭಿಸಿದ ದಾರಿಯಲ್ಲಿ ಉಳಿದ ರಾಜ್ಯಗಳು ಒಂದೊಂದಾಗಿ ಸಲಿಂಗ ಸಂಬಂಧವನ್ನು ಅಪರಾಧಗಳ ಪಟ್ಟಿಯಿಂದ ತೆಗೆದುಹಾಕಿದ್ದರೂ, ಟ್ಯಾಸ್ಮೇನಿಯದ 1924ರ ದಂಡ ಸಂಹಿತೆಯ 122 ಮತ್ತು 123ನೆಯ ಕಲಂಗಳು ವಯಸ್ಕ ಗಂಡಸರು ಪರಸ್ಪರ ಒಪ್ಪಿ ಮನೆಯೊಳಗೆ ನಡೆಸುವ ಸಂಬಂಧವನ್ನೂ ಅಪರಾಧವಾಗಿಯೇ ಉಳಿಸಿಕೊಂಡಿದ್ದವು. ಕಾನೂನನ್ನು ರದ್ದುಮಾಡುವ ಯತ್ನಗಳು ರಾಜ್ಯದ ಮೇಲ್ಮನೆಯಲ್ಲಿ ಮುರಿದುಬಿದ್ದಿದ್ದವು. ಆದರೆ ಟೂನನ್‌ನನ್ನು ಈ ಕಲಂಗಳ ಅಡಿಯಲ್ಲಿ ಯಾರೂ ಬಂಧಿಸಿರಲಿಲ್ಲ, ಅವನ ಮೇಲೆ ಮೊಕದ್ದಮೆಯೂ ಇರಲಿಲ್ಲ. ಹಲವು ವರ್ಷಗಳಿಂದ ಯಾರ ಮೇಲೂ ಅಂಥ ಮೊಕದ್ದಮೆ ನಡೆದಿರಲಿಲ್ಲ.

ಸಾಮಾನ್ಯ ಓದುಗ ಎಡವುವುದು ಇಲ್ಲಿಯೇ. ಯಾರ ಮೇಲೂ ಬಳಸದ ಕಾನೂನಿನಿಂದ ಯಾರಿಗೆ ಏನಾಯಿತು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಸಹಜವೆನಿಸುತ್ತದೆ. ಸಾರ್ವಜನಿಕ ಹಿತಾಸಕ್ತಿ ಅರ್ಜಿಗೆ ಒಗ್ಗಿಹೋದ ಭಾರತೀಯ ಓದುಗರಿಗೆ, ಯಾರು ಬೇಕಾದರೂ ಅರ್ಜಿ ಹಾಕಬಹುದಲ್ಲ ಎಂದೂ ತೋರಬಹುದು. ಆದರೆ ಸಮಿತಿಯ ನಿಯಮ ಕಟ್ಟುನಿಟ್ಟಾದದ್ದು: ದೂರು ಕೊಡುವವನು ತಾನೇ ‘ಬಾಧಿತ’, ಅಂದರೆ ಹಕ್ಕು ಕಳೆದುಕೊಂಡು ನೊಂದವನು ಆಗಿರಬೇಕು, ಲೋಕಹಿತಕ್ಕಾಗಿ ತಾತ್ವಿಕ ದೂರು ಕೊಡಲು ಅಲ್ಲಿ ಎಡೆಯಿಲ್ಲ. ಆದ್ದರಿಂದ ಬಳಸದ ಕಾನೂನೂ ಗಾಯಮಾಡುತ್ತದೆ ಎಂದು ತೋರಿಸದ ಹೊರತು ಟೂನನ್‌ನ ದೂರು ಮೊದಲ ಮೆಟ್ಟಿಲನ್ನೇ ಹತ್ತುವಂತಿರಲಿಲ್ಲ.

ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಆ ಹಾದಿಯನ್ನು ಆಗಲೇ ಎರಡು ಹೆಜ್ಜೆಗಳಲ್ಲಿ ಸವೆಸಿತ್ತು. 1981ರಲ್ಲಿ ಉತ್ತರ ಐರ್ಲೆಂಡಿನ ಡಡ್ಜನ್ ಪ್ರಕರಣದಲ್ಲಿ ಅರ್ಜಿದಾರನನ್ನು ಪೊಲೀಸರು ವಿಚಾರಣೆ ಮಾಡಿ, ಮೊಕದ್ದಮೆ ಹೂಡದೆ ಬಿಟ್ಟಿದ್ದರು. 1988ರಲ್ಲಿ ಐರ್ಲೆಂಡಿನ ಸೆನೆಟ್ ಸದಸ್ಯ ಡೇವಿಡ್ ನಾರಿಸ್ ಗೆದ್ದ ಪ್ರಕರಣದಲ್ಲಿ ವಿಚಾರಣೆಯೂ ನಡೆದಿರಲಿಲ್ಲ. ಕಾನೂನು ಪುಸ್ತಕದಲ್ಲಿ ಇರುವುದೇ ಬದುಕಿನ ಮೇಲೆ ನಿರಂತರ ಹೇರಿಕೆ ಎಂದು ಆ ನ್ಯಾಯಾಲಯ ಒಪ್ಪಿತ್ತು. 1994ರ ಮಾರ್ಚ್ 31ರಂದು ಅಂಗೀಕಾರವಾದ ಸಮಿತಿಯ ಅಭಿಮತ ಅದೇ ದಾರಿಯಲ್ಲಿ ನಡೆದು, ಮೊಕದ್ದಮೆ ಹೂಡದಿರುವ ನೀತಿಯು ಮುಂದೆಯೂ ಹೂಡುವುದಿಲ್ಲ ಎಂಬುದಕ್ಕೆ ಭರವಸೆಯಾಗದು ಎಂದು ಹೇಳಿತು. ಸಾಕ್ಷ್ಯ ಸಿಕ್ಕರೆ ಕ್ರಮ ಜರುಗಿಸಲಾಗುವುದೆಂದು 1988ರಲ್ಲಿ ಆ ರಾಜ್ಯದ ಅಭಿಯೋಜನೆಯ ಮುಖ್ಯಾಧಿಕಾರಿಯೇ ಹೇಳಿದ್ದುದನ್ನು ಸಮಿತಿ ಮರೆಯಲಿಲ್ಲ. ಶಾಲೆಯ ಮಾಡಿನ ಸಂದಿಗೆ ಸಿಕ್ಕಿಸಿಟ್ಟ ಬೆತ್ತವನ್ನು ಮೇಷ್ಟ್ರು ವರ್ಷವಿಡೀ ಕೆಳಗಿಳಿಸದಿದ್ದರೂ ಮಕ್ಕಳ ಕಣ್ಣು ಅದರ ಮೇಲಿಂದ ಕದಲುವುದಿಲ್ಲವಷ್ಟೆ. ಇಂಥ ಕಾನೂನು ಹೆಚ್ಚು ದುಡಿಯುವುದು ನ್ಯಾಯಾಲಯದ ಹೊರಗೆ: ಬಾಡಿಗೆ ಮನೆ ಕೊಡದಿರಲು ಅದೊಂದು ನೆಪ, ಕೆಲಸದಿಂದ ತೆಗೆಯಲು ಅದೊಂದು ಪಿಸುಮಾತು, ಬೆದರಿಸಿ ಹಣ ಕಿತ್ತವನ ವಿರುದ್ಧ ದೂರು ಕೊಡಹೋದವನು ಮೊದಲು ತಾನೇ ಅಪರಾಧಿ ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ಇದು ದೂರದ ದ್ವೀಪದ ಮಾತಷ್ಟೇ ಅಲ್ಲ. ಬೆಂಗಳೂರಿನ ಲೈಂಗಿಕ ಅಲ್ಪಸಂಖ್ಯಾತರ ಪಾಡನ್ನು ಕುರಿತು ಪಿಯುಸಿಎಲ್ ಎಂಬ ನಾಗರಿಕ ಸ್ವಾತಂತ್ರ್ಯ ಸಂಸ್ಥೆಯ ಕರ್ನಾಟಕ ಘಟಕ 2001ರಲ್ಲಿ ಪ್ರಕಟಿಸಿದ ವರದಿ ಕಿರುಕುಳ ಮತ್ತು ಸುಲಿಗೆಯ ಇದೇ ಬಗೆಯನ್ನು ದಾಖಲಿಸಿದೆ.

ಏಡ್ಸ್ ಹರಡದಂತೆ ತಡೆಯಲು ಕಾನೂನು ಬೇಕು ಎಂಬ ಟ್ಯಾಸ್ಮೇನಿಯದ ವಾದ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅಪರಾಧದ ಹೆಸರಿಟ್ಟರೆ ಸೋಂಕಿನ ಅಪಾಯದಲ್ಲಿರುವವರು ಅಡಗಿಕೊಳ್ಳುತ್ತಾರೆ, ಆರೋಗ್ಯದ ತಿಳಿವಳಿಕೆ ಅವರನ್ನು ತಲುಪುವುದಿಲ್ಲ ಎಂದು ಕೇಂದ್ರ ಸರ್ಕಾರವೇ ಹೇಳಿತ್ತು. ಅಂತರರಾಷ್ಟ್ರೀಯ ಕಾನೂನಿನಲ್ಲಿ ರಾಜ್ಯದ ತಪ್ಪಿಗೂ ದೇಶವೇ ಉತ್ತರ ಹೇಳಬೇಕಾದುದರಿಂದ ಪ್ರತಿವಾದಿಯ ಜಾಗದಲ್ಲಿ ಕೂತಿದ್ದ ಆಸ್ಟ್ರೇಲಿಯ ಸರ್ಕಾರ, ದೂರುದಾರನ ಖಾಸಗಿತನಕ್ಕೆ ಭಂಗ ಬಂದಿದೆ ಎಂಬುದನ್ನು ಒಪ್ಪಿಕೊಂಡೇ ವಾದಿಸಿದ್ದು ಈ ಪ್ರಕರಣದ ಒಂದು ಸೊಗಸು. ಖಾಸಗಿ ಬದುಕನ್ನು ಕಾಯುವ 17ನೆಯ ವಿಧಿ ಉಲ್ಲಂಘನೆಯಾಗಿದೆ ಎಂದು ಸಮಿತಿ ತೀರ್ಮಾನಿಸಿತು. ಲೈಂಗಿಕ ಒಲವನ್ನು ‘ಇತರ ಸ್ಥಾನಮಾನ’ದಲ್ಲಿ ಸೇರಿಸಬಹುದೆ ಎಂದು ಸರ್ಕಾರ ಕೇಳಿದ್ದಕ್ಕೆ ಮಾತ್ರ, ಆ ತೆರೆದ ಬಾಗಿಲನ್ನು ಬಿಟ್ಟು, 2 ಮತ್ತು 26ನೆಯ ವಿಧಿಗಳಲ್ಲಿರುವ ‘ಲಿಂಗ’ ಎಂಬ ಪದದಲ್ಲೇ ಲೈಂಗಿಕ ಒಲವೂ ಅಡಕವಾಗಿದೆ ಎಂದು ಒಂದೇ ವಾಕ್ಯದಲ್ಲಿ, ಕಾರಣ ಕೊಡದೆ ಹೇಳಿ ಮುಗಿಸಿತು. ಕಾನೂನು ಪಂಡಿತರಿಗೆ ಇದು ದಶಕಗಳ ಚರ್ಚೆಯ ಮೇವಾಯಿತು. ಕಾರಣವನ್ನು ಊಹಿಸುವುದು ಕಷ್ಟವಲ್ಲ: ಒಬ್ಬ ಗಂಡಸನ್ನು ಹೆಂಗಸು ಪ್ರೀತಿಸಿದರೆ ತಪ್ಪಿಲ್ಲ, ಅವನನ್ನೇ ಮತ್ತೊಬ್ಬ ಗಂಡಸು ಪ್ರೀತಿಸಿದರೆ ಶಿಕ್ಷೆ ಎಂದಾದಾಗ ಇಬ್ಬರ ನಡುವಿನ ವ್ಯತ್ಯಾಸ ಲಿಂಗ ಒಂದೇ. ಅಮೆರಿಕದ ಸುಪ್ರೀಂ ಕೋರ್ಟು 2020ರಲ್ಲಿ ಉದ್ಯೋಗದ ಪ್ರಕರಣವೊಂದರಲ್ಲಿ ಇದೇ ತರ್ಕವನ್ನು ಬಿಡಿಸಿ ಬರೆಯಿತು.

ಸಮಿತಿಯ ಅಭಿಮತಕ್ಕೆ ನ್ಯಾಯಾಲಯದ ಡಿಕ್ರಿಯಂತೆ ಜಾರಿಯ ಬಲವಿಲ್ಲ. ಅದನ್ನು ಹೊತ್ತು ಹೋಗಿ ಯಾರ ಬಾಗಿಲಿಗೂ ಅಂಟಿಸುವ ಅಮೀನನೂ ಇಲ್ಲ. ‘ಹಾಗಾದರೆ ಅದು ಬರೀ ಕಾಗದ’ ಎನ್ನುವವರು ಮುಂದೆ ನಡೆದುದನ್ನು ಗಮನಿಸಬೇಕು. ಒಪ್ಪಂದಗಳನ್ನು ಜಾರಿಗೊಳಿಸುವ ಅಧಿಕಾರವನ್ನು ಬಳಸಿ ಆಸ್ಟ್ರೇಲಿಯದ ಸಂಸತ್ತು 1994ರಲ್ಲೇ ಒಂದು ಪುಟ್ಟ ಕಾಯಿದೆ ಮಾಡಿತು. ವಯಸ್ಕರ ಸಮ್ಮತಿಯ ಖಾಸಗಿ ಲೈಂಗಿಕ ನಡವಳಿಕೆಯಲ್ಲಿ ಯಾವ ಕಾನೂನೂ ಸ್ವೇಚ್ಛೆಯಾಗಿ ಕೈಹಾಕುವಂತಿಲ್ಲ ಎಂಬುದು ಅದರ ತಿರುಳು. ಕೇಂದ್ರ ಮತ್ತು ರಾಜ್ಯಗಳ ಕಾನೂನು ಒಂದಕ್ಕೊಂದು ಹೊಂದದಿದ್ದರೆ ಕೇಂದ್ರದ್ದೇ ನಿಲ್ಲುತ್ತದೆ ಎನ್ನುವುದು ಅಲ್ಲಿನ ಸಂವಿಧಾನದ 109ನೆಯ ಕಲಂ. ಭಾರತದ ಸಂವಿಧಾನದ 253 ಮತ್ತು 254ನೆಯ ವಿಧಿಗಳನ್ನು ಬಲ್ಲವರಿಗೆ ಈ ಹಲ್ಲುಚಕ್ರಗಳು ಪರಿಚಿತವೇ. ಟ್ಯಾಸ್ಮೇನಿಯ ಆಗಲೂ ಜಗ್ಗದಿದ್ದಾಗ ಟೂನನ್ ಮತ್ತು ಅವನ ಸಹ ಹೋರಾಟಗಾರ ರಾಡ್ನಿ ಕ್ರೂಮ್ ಆಸ್ಟ್ರೇಲಿಯದ ಹೈಕೋರ್ಟಿಗೆ, ಅಂದರೆ ಆ ದೇಶದ ಅತ್ಯುನ್ನತ ನ್ಯಾಯಾಲಯಕ್ಕೆ ಹೋದರು. ಮೊಕದ್ದಮೆಯೇ ಇಲ್ಲದವರಿಗೆ ಅರ್ಜಿ ಹಾಕುವ ಹಕ್ಕೆಲ್ಲಿದೆ ಎಂಬ ಹಳೆಯ ಆಕ್ಷೇಪ ಅಲ್ಲಿಯೂ ಎದ್ದಿತು, ಅಲ್ಲಿಯೂ 1997ರಲ್ಲಿ ಬಿದ್ದಿತು. ಅದೇ ವರ್ಷದ ಮೇ ತಿಂಗಳಲ್ಲಿ ಟ್ಯಾಸ್ಮೇನಿಯದ ಶಾಸನಸಭೆ ಆ ಕಲಂಗಳನ್ನು ತಾನಾಗಿಯೇ ತೆಗೆದುಹಾಕಿತು.

ಭಾರತ 1979ರಲ್ಲಿ ಒಡಂಬಡಿಕೆಯನ್ನು ಒಪ್ಪಿದೆ, ಪೂರಕ ಒಪ್ಪಂದಕ್ಕೆ ಸೇರಿಲ್ಲ. ಹೀಗಾಗಿ ಇಲ್ಲಿನ ಯಾರೂ ಟೂನನ್‌ನಂತೆ ಸಮಿತಿಗೆ ದೂರು ಬರೆಯುವಂತಿಲ್ಲ. ಆದರೂ ಆ ಅಭಿಮತ ಬೇರೊಂದು ದಾರಿಯಿಂದ ಒಳಬಂತು. ಸಲಿಂಗ ಸಂಬಂಧವನ್ನು ಶಿಕ್ಷಾರ್ಹವಾಗಿಸಿದ್ದ 1860ರ ಭಾರತೀಯ ದಂಡ ಸಂಹಿತೆಯ 377ನೆಯ ಕಲಮನ್ನು ಸಮ್ಮತಿಯ ವಯಸ್ಕರ ಮಟ್ಟಿಗೆ ತಳ್ಳಿಹಾಕಿದ 2009ರ ದೆಹಲಿ ಹೈಕೋರ್ಟಿನ ತೀರ್ಪು ಟೂನನ್ ಪ್ರಕರಣವನ್ನು ಉಲ್ಲೇಖಿಸಿ, ಸಂವಿಧಾನದ 15ನೆಯ ವಿಧಿಯ ‘ಲಿಂಗ’ ಪದಕ್ಕೂ ಅದೇ ಅಗಲವಾದ ಅರ್ಥ ಕೊಟ್ಟಿತು. 2013ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ಬದಿಗೊತ್ತುವಾಗ ಹೇಳಿದ ಕಾರಣಗಳಲ್ಲಿ ಒಂದು, ನೂರೈವತ್ತು ವರ್ಷಗಳಲ್ಲಿ ಈ ಕಲಮಿನಡಿ ಮೊಕದ್ದಮೆ ಎದುರಿಸಿದವರು 200ಕ್ಕಿಂತ ಕಡಿಮೆ ಎಂಬುದು. ಟ್ಯಾಸ್ಮೇನಿಯದಲ್ಲಿ ಸೋತ ವಾದ ಹೀಗೆ ದೆಹಲಿಯಲ್ಲಿ ಅಂಕಿಯ ವೇಷ ಹಾಕಿಕೊಂಡು ಗೆದ್ದಿತು. ಅದಕ್ಕೆ ಉತ್ತರ ಬಂದದ್ದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಹಾಕಿದ ಅರ್ಜಿಯಿಂದ ಹುಟ್ಟಿದ 2017ರ ಖಾಸಗಿತನದ ತೀರ್ಪಿನಲ್ಲಿ: ಶಿಕ್ಷೆಗೊಳಗಾದವರ ಎಣಿಕೆಗಿಂತ, ಶಿಕ್ಷೆಯ ಅಂಜಿಕೆಯಿಂದ ಹಕ್ಕನ್ನೇ ಮುದುಡಿಸಿಕೊಂಡವರ ಬದುಕು ಮುಖ್ಯ ಎಂಬ ನಿಲುವು ಅದರದು. ಮರುವರ್ಷ, 2018ರ ಸೆಪ್ಟೆಂಬರ್ 6ರಂದು, ಐವರು ನ್ಯಾಯಮೂರ್ತಿಗಳ ಪೀಠ 377ನೆಯ ಕಲಮನ್ನು ಸಮ್ಮತಿಯ ವಯಸ್ಕರ ಮಟ್ಟಿಗೆ ಅಸಿಂಧುಗೊಳಿಸಿತು.

ಅಪರಾಧವಲ್ಲ ಎಂದಾದ ಮಾತ್ರಕ್ಕೆ ಸಮಾನತೆಯ ಲೆಕ್ಕ ಮುಗಿಯುವುದಿಲ್ಲವೆಂಬುದು ಸಮಿತಿಯ ಮುಂದಿನ ಪ್ರಕರಣಗಳಲ್ಲೇ ಕಾಣುತ್ತದೆ. 2002ರಲ್ಲಿ ನ್ಯೂಜಿಲೆಂಡಿನ ಸಲಿಂಗ ಜೋಡಿಗಳು ಮದುವೆಯ ಹಕ್ಕು ಕೇಳಿ ಸೋತರು, ಏಕೆಂದರೆ ಒಡಂಬಡಿಕೆಯ 23ನೆಯ ವಿಧಿ ಮದುವೆಯ ಮಾತೆತ್ತುವಾಗ ಮಾತ್ರ ‘ಪುರುಷರು ಮತ್ತು ಸ್ತ್ರೀಯರು’ ಎನ್ನುತ್ತದೆ. 2003ರಲ್ಲಿ ಸಂಗಾತಿಯ ಪಿಂಚಣಿ ಸಿಗದ ಆಸ್ಟ್ರೇಲಿಯದ ಮತ್ತೊಬ್ಬ ದೂರುದಾರ 26ನೆಯ ವಿಧಿಯನ್ನೇ ಹಿಡಿದು ಗೆದ್ದ. ಈ ವಿಷಯದ ಒಳಹೊಕ್ಕು ಓದುವವರು ಕನ್ನಡದಲ್ಲಿ ಇನ್ನೂ ತೀರ ವಿರಳ. ಅಂಥ ಓದಿಗೆ ದಪ್ಪ ಗ್ರಂಥಗಳಿಂದ ತೊಡಗಬೇಕಿಲ್ಲ. ಟೂನನ್ ಅಭಿಮತದ 8.2ನೆಯ ಪ್ಯಾರಾವನ್ನೂ, 2013ರ ತೀರ್ಪಿನ ಆ 200 ಮಂದಿಯ ಮಾತನ್ನೂ ಅಕ್ಕಪಕ್ಕ ಇಟ್ಟುಕೊಂಡು ಒಂದು ಸಂಜೆ ಕೂತರೆ ಸಾಕು. ಬಳಿಕ 8.7ನೆಯ ಪ್ಯಾರಾಕ್ಕೆ ಬಂದು, ಸಮಿತಿ ಬರೆಯದೆ ಬಿಟ್ಟ ಕಾರಣವನ್ನು ತಾವೇ ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದು ನೋಡಬಹುದು.