ಹ್ಯಾಕ್ ಆದ ಇಮೇಲ್ ಮತ್ತೆ ಸಿಗುತ್ತದೆಯೇ?

ಪ್ರಶ್ನೆ: ಯಾರೋ ನನ್ನ ಜಿಮೇಲ್ ಪಾಸ್‌ವರ್ಡ್ ಬದಲಿಸಿಬಿಟ್ಟಿದ್ದಾರೆ. ಖಾತೆ ವಾಪಸ್ ಪಡೆಯುವುದು ಹೇಗೆ?
– ಓದುಗರೊಬ್ಬರು, ಮರಳವಾಡಿ

ಉತ್ತರ: ಧೈರ್ಯವಾಗಿರಿ, ಆದರೆ ತಡಮಾಡಬೇಡಿ. ಸೈಬರ್ ಸೆಂಟರಿಗೆ ಓಡುವ ಬದಲು, ದಿನವೂ ಬಳಸುವ ಫೋನಿನಲ್ಲೇ, ಮನೆಯಲ್ಲೇ ಕುಳಿತು ಗೂಗಲ್‌ನ ‘ಅಕೌಂಟ್ ರಿಕವರಿ’ ಪುಟ ತೆರೆಯಿರಿ. ಪರಿಚಿತ ಫೋನು, ಪರಿಚಿತ ಜಾಗ ಎರಡೂ ಖಾತೆ ನಿಮ್ಮದೇ ಎನ್ನುವುದಕ್ಕೆ ಗುರುತು. ಕಳ್ಳ ನಿಮ್ಮ ಮೊಬೈಲ್ ನಂಬರ್ ತೆಗೆದುಹಾಕಿದ್ದರೂ, 7 ದಿನಗಳವರೆಗೆ ಹಳೆಯ ನಂಬರಿಗೇ ಕೋಡ್ ಬರುವ ಅವಕಾಶವಿರುತ್ತದೆ.

ಖಾತೆ ಕೈಗೆ ಬಂದ ಮೇಲೆ ಹೊಸ ಪಾಸ್‌ವರ್ಡ್ ಹಾಕಿದರಷ್ಟೇ ಸಾಲದು. ಸೆಟ್ಟಿಂಗ್ಸ್‌ನಲ್ಲಿ ‘ಫಾರ್ವರ್ಡಿಂಗ್’ ನೋಡಿ: ಅಲ್ಲಿ ಅಪರಿಚಿತ ವಿಳಾಸವಿದ್ದರೆ ನಿಮಗೆ ಬರುವ ಪತ್ರಗಳೆಲ್ಲ ಇನ್ನೂ ಕಳ್ಳನಿಗೂ ಹೋಗುತ್ತಿರುತ್ತವೆ. ‘ಫಿಲ್ಟರ್’ ಕೂಡ ನೋಡಿ. ಬ್ಯಾಂಕಿನ ಪತ್ರಗಳನ್ನು ಸದ್ದಿಲ್ಲದೆ ಕಸದ ಬುಟ್ಟಿಗೆ ತಳ್ಳುವ ಏರ್ಪಾಡು ಅಲ್ಲಿರಬಹುದು. ಎರಡನ್ನೂ ಅಳಿಸಿ, ‘ಟು ಸ್ಟೆಪ್ ವೆರಿಫಿಕೇಶನ್’ ಆನ್ ಮಾಡಿ.

ರಾಮನಗರದಲ್ಲಿ ರೇಷ್ಮೆಗೂಡು ಮಾರಿದ ಹಣವೂ ಬ್ಯಾಂಕ್ ಖಾತೆಗೇ ಬರುವ ಕಾಲವಿದು. ಇಮೇಲ್ ಕದ್ದವರು ಆ ಹಣಕ್ಕೂ ಕೈಹಾಕಿದ್ದರೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೂ ದೂರು ಕೊಡಿ. ಇನ್ನೊಬ್ಬರ ಪಾಸ್‌ವರ್ಡ್ ದುರ್ಬಳಕೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ 3 ವರ್ಷದವರೆಗೆ ಜೈಲು ಉಂಟು. ಮೋಸ ಹೋದವರು ನಾಚಿಕೊಳ್ಳಬೇಕಿಲ್ಲ. ಬೇಗ ಹೇಳಿಕೊಂಡಷ್ಟೂ ನಷ್ಟ ಕಡಿಮೆ.