ಹ್ಯಾಂಡ್‌ಬಿಲ್ಲಿನಲ್ಲಿ ಹೆಸರಿಲ್ಲದ ಕಂಠ!

ಹೀರೋ ಹಾಡು ಶುರುವಾದರೆ ಸಾಕು, ನಾವು ಸೀಟಿ ಹೊಡೆಯುತ್ತೇವೆ. ಹಾಡಿದವರು ಯಾರು, ಮ್ಯೂಸಿಕ್ ಯಾರದು, ಎಲ್ಲ ಬಾಯಿಪಾಠ. ಆದರೆ ಹೀರೋ ಹಿಂದೆ ಹತ್ತಾರು ದನಿ ಒಟ್ಟಿಗೆ ಏಳುತ್ತದಲ್ಲ, ಆ ಕೋರಸ್‌ನವರಲ್ಲಿ ಒಬ್ಬರ ಹೆಸರು ಹೇಳಿ ನೋಡೋಣ?

ಗೊತ್ತಿಲ್ಲ ಅಲ್ಲವೇ? ನನಗೂ ಗೊತ್ತಿರಲಿಲ್ಲ. ಅದಕ್ಕೇ ಬೆಳಗಾವಿ ಸ್ಟ್ಯಾಂಡಿನಲ್ಲಿ ಖಾನಾಪುರದ ಬಸ್ಸು ಹತ್ತಿದೆ.

ಹಂಚಿನ ಮನೆ. ಎಂಬತ್ತು ದಾಟಿದ ಅಜ್ಜ. ಹರೆಯದಲ್ಲಿ ನಾಟಕ ಕಂಪನಿಯೊಂದರಲ್ಲಿ ಹಿಮ್ಮೇಳ ಹಾಡಿ ಹೊಟ್ಟೆ ಹೊರೆದವರು. ಹೆಸರು ಬರೆಯಬೇಡ ಅಂದರು. "ಆಗ ಹ್ಯಾಂಡ್‌ಬಿಲ್ಲಿನ್ಯಾಗ ಇರಲಿಲ್ಲ, ಈಗ್ಯಾಕ ಬೇಕು ತಮ್ಮಾ?"

ಈ ಸೀಮೆಯೇ ರಂಗಗೀತೆಯ ತವರು. ಮರಾಠಿ ಸಂಗೀತ ನಾಟಕಕ್ಕೆ 1880ರಲ್ಲಿ 'ಶಾಕುಂತಲ'ದಿಂದ ಜೀವ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರ್ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. 'ಕಲಾವೈಭವ ನಾಟ್ಯ ಸಂಘ' ಕಟ್ಟಿ, ನೂರು ದಾಟಿ ಬಾಳಿ 2017ರಲ್ಲಿ ತೀರಿಕೊಂಡ ಏಣಗಿ ಬಾಳಪ್ಪನವರೂ ಇದೇ ಜಿಲ್ಲೆಯವರು. ನಮ್ಮ ಮೊದಲ ಟಾಕಿ 'ಸತಿ ಸುಲೋಚನಾ' (1934) ತಯಾರಾದದ್ದು ಪಕ್ಕದ ಕೊಲ್ಲಾಪುರದಲ್ಲಿ. ನಟಿಸಿದ ಸುಬ್ಬಯ್ಯನಾಯ್ಡು, ನಾಗೇಂದ್ರರಾಯರು ಕಂಪನಿ ನಾಟಕದ ಹುಲಿಗಳೇ!

ಹಿಮ್ಮೇಳದವರ ಕೆಲಸವೇನು? ಪರದೆ ಏಳುವ ಮೊದಲು ಎಲ್ಲರೂ ಸೇರಿ ನಾಂದಿ. ಆಮೇಲೆ ಓಡಿಹೋಗಿ ಬಣ್ಣ ಹಚ್ಚಿ ದ್ವಾರಪಾಲಕ, ಸೈನಿಕ. ಹೀರೋ ಉಸಿರು ಎಳೆದುಕೊಳ್ಳುವಾಗ ಸಾಲು ಬೀಳದಂತೆ ಹಿಡಿಯಬೇಕು. ಜನ 'ಒನ್ಸ್ ಮೋರ್' ಅಂದರೆ ಮತ್ತೆ ಮೊದಲಿನಿಂದ. ಚಪ್ಪಾಳೆ ಮಾತ್ರ ಹೀರೋಗೆ.

ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿತ್ತು ಅಜ್ಜನ ಆಸ್ತಿ: ಕಾಲಿನಿಂದ ತುಳಿಯುವ ಪೇಟಿ, ಅಂದರೆ ಲೆಗ್ ಹಾರ್ಮೋನಿಯಂ. ಕೈಪೇಟಿಯಲ್ಲಿ ಒಂದು ಕೈ ಗಾಳಿ ಹಾಕುವುದಕ್ಕೇ ಹೋಗುತ್ತದೆ. ಇದರಲ್ಲಿ ಕಾಲು ಗಾಳಿ ಕೊಡುತ್ತದೆ, ಎರಡೂ ಕೈ ನುಡಿಸುತ್ತವೆ. ಮೈಕ್ ಇಲ್ಲದ ಕಾಲದಲ್ಲಿ ಥೇಟರು ತುಂಬಲು ಇಂಥ ದನಿಯೇ ಬೇಕಿತ್ತು.

ಪೇಟಿಯೂ ಅವಮಾನ ಉಂಡಿದೆ! ಸ್ವರದಿಂದ ಸ್ವರಕ್ಕೆ ಜಾರಲಾರದು ಎಂಬ ದೂರಿನ ಮೇಲೆ 1940ರಿಂದ 1971ರವರೆಗೆ ಆಕಾಶವಾಣಿ ಅದನ್ನು ಹೊರಗಿಟ್ಟಿತ್ತು. ಆದರೂ ಬೆಳಗಾವಿಯಲ್ಲಿ ರಾಮಭಾವು ಬಿಜಾಪುರೆ (1917–2010) ಅದೇ ಪೇಟಿಯಿಂದ ದೇಶವೇ ತಲೆದೂಗುವಂತೆ ಮಾಡಿದರು, ಶಿಷ್ಯರ ದಂಡನ್ನೇ ಬೆಳೆಸಿದರು.

ಅಜ್ಜನ ಪೇಟಿಯ ತಿದಿಯ ಚರ್ಮ ಹರಿದಿದೆ. ಒಂದು ರೀಡು ಮೂಕ. ಹೋಟೆಲಿನಲ್ಲಿ ಶೋಕಿಗೆ ಇಡಲು ಯಾರೋ ಕೇಳಿದ್ದರಂತೆ, ಒಳ್ಳೇ ರೇಟು. ಮಗನೂ "ಕೊಟ್ಟುಬಿಡು" ಅಂದನಂತೆ. ಅಜ್ಜ ಒಪ್ಪಲಿಲ್ಲ. "ಸುಮ್ನ ನಿಂತ್ರ ಅದು ಕಪಾಟ. ತುಳದ್ರ ಪೇಟಿ!"

ಕುಳಿತು ತುಳಿದೇಬಿಟ್ಟರು. ಗಾಳಿ ಬುಸ್ ಅಂತು, ನಾಂದಿ ಎದ್ದಿತು. ಮೂಕ ರೀಡು ಬಂದಾಗಲೆಲ್ಲ ಆ ಸ್ವರವನ್ನು ಅಜ್ಜನ ಗಂಟಲೇ ತುಂಬುತ್ತಿತ್ತು. ನಡುವೆ ನಿಲ್ಲಿಸಿ ನನ್ನ ಕಡೆ ನೋಡಿದರು.

"ನೀನೂ ಹಿಡಿ ತಮ್ಮಾ. ಒಬ್ಬಾಂವ ಹಾಡಿದ್ರ ಹಿಮ್ಮೇಳ ಹೆಂಗ ಆಗ್ತದ?"

ಹಿಡಿದೆ. ನನ್ನ ಗಂಟಲು ಒಡೆಯಿತು. ಅಜ್ಜ ನಕ್ಕು, ಬಿದ್ದ ಸಾಲನ್ನು ಎತ್ತಿಕೊಂಡು ಮುಂದೆ ನಡೆದರು. ಅರವತ್ತು ವರ್ಷದ ಹಿಂದೆ ಹೀರೋಗೆ ಮಾಡಿದ್ದನ್ನೇ ನನಗೂ ಮಾಡಿದರು.

ಅಭಿಮಾನಿ ಮಿತ್ರರೇ, ಮುಂದಿನ ಶೋನಲ್ಲಿ ಹೀರೋಗೆ ಸೀಟಿ ಹೊಡೆಯಿರಿ, ಬೇಡ ಅನ್ನುವವರು ಯಾರು? ಆದರೆ ಕೋರಸ್ ಎದ್ದಾಗ ಒಂದು ಸೀಟಿ ಅವರಿಗೂ ಇರಲಿ!