ನಾಯಿ ಸತ್ತ ದುಃಖಕ್ಕೂ ಔಷಧಿ ಬೇಕೆ?

ಎಪ್ಪತ್ತನಾಲ್ಕು ವರ್ಷದ ನಿವೃತ್ತ ಶಿಕ್ಷಕರೊಬ್ಬರು. ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ. ಮಾತ್ರೆ, ಪಥ್ಯ, ನಡಿಗೆ ಮೂರೂ ಕ್ರಮವಾಗಿದ್ದುದರಿಂದ ಕಾಯಿಲೆ ಹತೋಟಿಯಲ್ಲಿತ್ತು. ಆದರೆ ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿದಾಗ 7.1 ಇದ್ದದ್ದು 8.9ಕ್ಕೆ ಏರಿತ್ತು. ರಾತ್ರಿ ನಿದ್ದೆಯಿಲ್ಲ, ಊಟದ ಹೊತ್ತು ತಪ್ಪಿತ್ತು. ವೈದ್ಯರು ಮಾತ್ರೆಯ ಪ್ರಮಾಣ ಹೆಚ್ಚಿಸಿ ಕಳುಹಿಸಿದರು. ಬೇರೇನನ್ನೂ ವಿಚಾರಿಸಲಿಲ್ಲ.

ಆ ರೋಗಿ ನನ್ನ ತಂದೆ, ಆ ವೈದ್ಯ ನಾನೇ. ಕಾರಣ ನನ್ನ ಕಣ್ಣೆದುರಿಗೇ ಇತ್ತು. ಮೂರು ತಿಂಗಳ ಹಿಂದೆ ನಮ್ಮ ಮನೆಯ ನಾಯಿ ಗಂಗಿ ಸತ್ತಿದ್ದಳು.

ಗಂಗಿ ಮುಧೋಳ ತಳಿಯವಳು. ಬಾಗಲಕೋಟೆ ಜಿಲ್ಲೆಯ ಮುಧೋಳ ಸೀಮೆಯ ಈ ನಾಯಿಗಳು ವಾಸನೆ ಹಿಡಿದು ಹುಡುಕುವುದಕ್ಕಿಂತ ಕಣ್ಣಿನಿಂದ ಬೇಟೆಯನ್ನು ಗುರುತಿಸಿ ಓಡಿ ಹಿಡಿಯುವಂಥವು. ಉದ್ದ ಮೂತಿ, ಆಳವಾದ ಎದೆ, ಸಣ್ಣ ನಡು, ನೀಳ ಕಾಲು. ಮುಧೋಳದ ಘೋರ್ಪಡೆ ಅರಸರ ಆಶ್ರಯದಲ್ಲಿ ಹೆಸರಾದ ಈ ತಳಿಯ ಅಂಚೆ ಚೀಟಿ 2005ರಲ್ಲಿ ಹೊರಬಂದಿತು. ಪಕ್ಕೆಲುಬು ಕಾಣುವುದು ಇವಕ್ಕೆ ಸಹಜ. ಆದರೂ ನನ್ನ ದವಾಖಾನೆಗೆ ಬಂದವರು, ‘ಡಾಕ್ಟ್ರ, ನಾಯಿಗೆ ರೊಟ್ಟಿ ಹಾಕಂಗಿಲ್ಲೇನ್ರಿ?’ ಎಂದು ಕೇಳುತ್ತಿದ್ದರು.

ಅವ್ವ ತೀರಿಕೊಂಡ ಮೇಲೆ ಅಪ್ಪನ ದಿನಚರಿಯೆಲ್ಲ ಗಂಗಿಯ ಸುತ್ತಲೇ ಇತ್ತು. ಬೆಳಗಿನ ಐದೂವರೆಗೆ ಇಬ್ಬರೂ ಹೊಲದ ಕಡೆ ಹೊರಡುತ್ತಿದ್ದರು. ಹೋಗಿ ಬಂದರೆ ಮೂರು ಕಿಲೋಮೀಟರ್. ದೂರದಲ್ಲಿ ಏನಾದರೂ ಕದಲಿದರೆ ಸಾಕು, ಗಂಗಿ ಕ್ಷಣದಲ್ಲಿ ಚುಕ್ಕೆಯಷ್ಟಾಗಿ ಬಿಡುತ್ತಿದ್ದಳು. ಮರಳಿ ಬಂದು ಅಪ್ಪನ ಮೊಣಕಾಲಿಗೆ ಒರಗಿ ನಿಲ್ಲುತ್ತಿದ್ದಳು. ಮಧ್ಯಾಹ್ನ ಅವ್ವನ ಹಳೆಯ ಕೌದಿಯ ಮೇಲೆ ಮುದುಡಿ ಮಲಗುತ್ತಿದ್ದಳು. ಅಪ್ಪ ಪೇಪರ್ ಓದಿ ಅವಳಿಗೇ ಹೇಳುತ್ತಿದ್ದರು.

ಹನ್ನೆರಡನೆಯ ವರ್ಷದಲ್ಲಿ ಅವಳ ಮೂತ್ರಪಿಂಡಗಳು ಕೆಟ್ಟವು. ನೀರೂ ನಿಲ್ಲದಾದಾಗ ಪಶುವೈದ್ಯರು ನೋವಿಲ್ಲದೆ ಕಳುಹಿಸುವ ಇಂಜೆಕ್ಷನ್ ಸೂಚಿಸಿದರು. ನಾನು ಒಪ್ಪಿಗೆ ಕೊಟ್ಟೆ. ಅಪ್ಪ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಮರುದಿನ ನಾನು, ‘ಅಪ್ಪಾ, ಒಂದು ನಾಯಿಗೆ ಇಷ್ಟ್ಯಾಕ ಹಚ್ಚಗೋತೀರಿ? ಮುಂದಿನ ತಿಂಗಳ ಇನ್ನೊಂದು ಮರಿ ತರೂಣು’ ಎಂದೆ. ಅವರು ಮಾತಾಡಲಿಲ್ಲ. ಆಮೇಲೆ ನನ್ನ ಮುಂದೆ ಗಂಗಿಯ ಹೆಸರನ್ನೇ ಎತ್ತಲಿಲ್ಲ.

ಹೇಳಿಕೊಳ್ಳಲಾಗದ ದುಃಖ

ಮನೆಯಲ್ಲಿ ಮನುಷ್ಯರು ಸತ್ತರೆ ನೆಂಟರು ಬರುತ್ತಾರೆ, ಅತ್ತು ಹಗುರಾಗಲು ಅವಕಾಶವಿರುತ್ತದೆ. ನಾಯಿ ಸತ್ತರೆ ಕೆಲಸಕ್ಕೆ ರಜೆಯೂ ಇಲ್ಲ, ಸಾಂತ್ವನವೂ ಇಲ್ಲ. ಅತ್ತರೆ ಜನ ನಗುತ್ತಾರೆಂಬ ಸಂಕೋಚ ಬೇರೆ. ಸಮಾಜ ದುಃಖವೆಂದು ಒಪ್ಪದ ಇಂಥ ದುಃಖವನ್ನು ಅಮೆರಿಕದ ಕೆನೆತ್ ಡೋಕಾ 1989ರಲ್ಲಿ ಪ್ರತ್ಯೇಕವಾಗಿ ಗುರುತಿಸಿದರು. ಒಳಗೇ ಉಳಿದ ದುಃಖ ಶರೀರದಲ್ಲಿ ಕಾಣಿಸಿಕೊಳ್ಳುತ್ತದೆ. ನಿದ್ರಾಹೀನತೆ, ಹಸಿವಿಲ್ಲದಿರುವುದು, ಎದೆ ಭಾರ, ಸುಸ್ತು ಸಾಮಾನ್ಯ. ಸತ್ತ ನಾಯಿಯ ಹೆಜ್ಜೆ ಸದ್ದು ಕೇಳಿದಂತಾಗುವುದೂ ಉಂಟು. ಅದು ಹುಚ್ಚಲ್ಲ.

ಮಾನಸಿಕ ಒತ್ತಡದಲ್ಲಿ ಅಡ್ರಿನಲಿನ್, ಕಾರ್ಟಿಸೋಲ್ ಹಾರ್ಮೋನುಗಳು ಹೆಚ್ಚಿ ರಕ್ತದೊತ್ತಡ, ಸಕ್ಕರೆ ಎರಡೂ ಏರಬಹುದು. ಜೊತೆಗೆ ನಾಯಿಯೊಡನೆ ನಡಿಗೆಯೂ ನಿಂತರೆ ಸ್ನಾಯುಗಳು ಬಳಸಿಕೊಳ್ಳುತ್ತಿದ್ದ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ನನ್ನ ತಂದೆಗೆ ಆದದ್ದು ಇದೇ.

ಅಪರೂಪಕ್ಕೆ ತೀವ್ರ ಆಘಾತದಿಂದ ಹೃದಯದ ಎಡ ಕೋಣೆ ಊದಿಕೊಂಡು ದುರ್ಬಲವಾಗುವುದುಂಟು. 1990ರಲ್ಲಿ ಜಪಾನಿನ ವೈದ್ಯರು ಇದಕ್ಕೆ ‘ಟಾಕೊಟ್ಸುಬೊ’ ಎಂದು ಹೆಸರಿಟ್ಟರು. ಹಾಗೆಂದರೆ ಆಕ್ಟೋಪಸ್ ಹಿಡಿಯುವ ಗಡಿಗೆ. ಊದಿದ ಹೃದಯದ ಆಕಾರ ಆ ಗಡಿಗೆಯಂತಿರುತ್ತದೆ. ಮುಟ್ಟು ನಿಂತ ಮಹಿಳೆಯರಲ್ಲಿ ಇದು ಹೆಚ್ಚು. ಸಾಕುನಾಯಿ ಸತ್ತ ಬಳಿಕ ಅಮೆರಿಕದ ಮಹಿಳೆಯೊಬ್ಬರಿಗೆ ಹೀಗಾದದ್ದನ್ನು 2017ರಲ್ಲಿ ವೈದ್ಯಕೀಯ ಪತ್ರಿಕೆಯೊಂದು ವರದಿ ಮಾಡಿತು. ಬಹುಪಾಲು ಜನ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ಇದರ ಲಕ್ಷಣಗಳು ಹೃದಯಾಘಾತದಂತೆಯೇ ಇರುತ್ತವೆ. ಆದ್ದರಿಂದ ಎದೆನೋವು, ಉಸಿರುಕಟ್ಟು ಕಂಡರೆ ‘ದುಃಖಕ್ಕೆ ಹಾಗಾಗಿದೆ’ ಎಂದು ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ತಪ್ಪಿತಸ್ಥ ಭಾವನೆ

ಒಂದು ಸಂಜೆ ಎಂಟು ವರ್ಷದ ಮಗಳು ನನ್ನ ಬಳಿ ಬಂದು, ‘ಪಪ್ಪಾ, ಗಂಗೀನ್ನ ನಾನ ಕೊಂದೆ ಅಂತ ಅಜ್ಜ ಅಳತಾರ’ ಎಂದಳು. ಆ ರಾತ್ರಿ ಅಪ್ಪನ ಹತ್ತಿರ ಕುಳಿತೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಇನ್ನೊಂದು ನಾಕ ದಿನ ಬಿಟ್ಟಿದ್ರ ಅಕಿ ಚೇತರಿಸಿಕೊಳ್ತಿದ್ಲೇನೋ?’

ಗಂಗಿಯ ರಕ್ತಪರೀಕ್ಷೆಯ ಚೀಟಿ ತಂದು ಓದಿ ವಿವರಿಸಿದೆ. ಮೂತ್ರಪಿಂಡಗಳು ಮರಳಿ ಸರಿಯಾಗುವ ಹಂತದಲ್ಲಿರಲಿಲ್ಲ. ನಾಲ್ಕು ದಿನ ಬಿಟ್ಟಿದ್ದರೆ ಅವಳಿಗೆ ನಾಲ್ಕು ದಿನದ ಸಂಕಟವಷ್ಟೇ ಹೆಚ್ಚುತ್ತಿತ್ತು ಎಂದೆ. ಒಪ್ಪಿಗೆ ಕೊಟ್ಟವನು ನಾನು, ನೀವಲ್ಲ ಎಂದೂ ಹೇಳಿದೆ. ಅಪ್ಪ ಬಹಳ ಹೊತ್ತು ಅತ್ತರು. ಇದನ್ನು ನಾನು ಮೊದಲ ವಾರದಲ್ಲೇ ಮಾಡಬೇಕಿತ್ತು.

ಮನೆಯವರು ಏನು ಮಾಡಬೇಕು?

* ‘ಬರೀ ನಾಯಿ’ ಎನ್ನಬೇಡಿ. ಅದರ ಬಗ್ಗೆ ಮಾತಾಡಲು ಬಿಡಿ, ನೀವೂ ಮಾತಾಡಿ.

* ದಯಾಮರಣ ಕೊಡಿಸಿದ್ದರೆ ಅದರ ಕಾರಣವನ್ನು ಪಶುವೈದ್ಯರಿಂದಲೇ ಎಲ್ಲರಿಗೂ ಹೇಳಿಸಿ.

* ಮಕ್ಕಳಿಗೆ ಸುಳ್ಳು ಬೇಡ. ‘ಓಡಿಹೋಯಿತು’ ಎಂದರೆ ಕಾಯುತ್ತಾರೆ. ‘ನಿದ್ದೆ ಮಾಡಿತು’ ಎಂದರೆ ಮಲಗಲು ಹೆದರುತ್ತಾರೆ. ‘ಸತ್ತಿತು, ಇನ್ನು ಬರುವುದಿಲ್ಲ’ ಎಂದು ಮೆಲ್ಲಗೆ ಹೇಳಿ.

* ವೃದ್ಧರ ನಡಿಗೆ ನಿಲ್ಲದಿರಲಿ. ನಾಯಿ ನಡೆಯುತ್ತಿದ್ದ ಹೊತ್ತಿನಲ್ಲಿ ಮನೆಯವರೊಬ್ಬರು ಜೊತೆಗೆ ಹೋಗಿ. ಊಟ, ಮಾತ್ರೆ ತಪ್ಪದಂತೆ ನೋಡಿಕೊಳ್ಳಿ.

* ಹಾಸಿಗೆ, ಸರಪಳಿ, ತಟ್ಟೆಗಳನ್ನು ಕೇಳದೆ ಎಸೆಯಬೇಡಿ. ಹೊಸ ಮರಿಗೂ ಅವಸರ ಬೇಡ.

* ಮದ್ಯ, ಸ್ವಂತವಾಗಿ ಕೊಂಡ ನಿದ್ದೆ ಮಾತ್ರೆಗಳಿಂದ ದೂರವಿರಿ.

ದಿನ ಕಳೆದಂತೆ ದುಃಖ ಅಲೆಯಂತೆ ಬಂದು ಹೋಗುತ್ತ ಕಡಿಮೆಯಾಗುವುದು ಸಹಜ. ಅದಕ್ಕೆ ಔಷಧಿ ಬೇಡ. ಎರಡು ವಾರಕ್ಕೂ ಹೆಚ್ಚು ಕಾಲ ದಿನವಿಡೀ ಮಂಕಾಗಿದ್ದು, ಯಾವುದರಲ್ಲೂ ಆಸಕ್ತಿಯಿಲ್ಲದೆ ನಿತ್ಯದ ಕೆಲಸ ನಿಂತರೆ ಖಿನ್ನತೆಯಿರಬಹುದು. ವೈದ್ಯರನ್ನು ಕಾಣುವುದು ಲೇಸು. ಸಾಯುವ ಮಾತಾಡಿದರೆ ತಡಮಾಡಬಾರದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಅಪ್ಪ ಈಗ ಮತ್ತೆ ಹೊಲದ ದಾರಿಯಲ್ಲಿ ನಡೆಯುತ್ತಾರೆ, ಮೊಮ್ಮಗಳ ಜೊತೆ. ಮಾತ್ರೆಯೂ ನಡಿಗೆಯೂ ಸೇರಿ ಎಚ್‌ಬಿಎ1ಸಿ 7.4ಕ್ಕೆ ಇಳಿದಿದೆ. ಗಂಗಿಯ ಕೌದಿ ಒಗೆದು ಮಡಚಿ ಅವರ ಮಂಚದ ಕಾಲ ಬಳಿಯೇ ಇದೆ. ಮರಿ ತರುವ ಮಾತು ಬಂದರೆ, ‘ಇನ್ನಾ ಸ್ವಲ್ಪ ದಿನ ಹೋಗ್ಲಿ’ ಎನ್ನುತ್ತಾರೆ. ನಾನು ಒತ್ತಾಯಿಸುವುದಿಲ್ಲ. ವಯಸ್ಸಾದವರ ಸಕ್ಕರೆ ಅಥವಾ ಬಿ.ಪಿ. ಕಾರಣವಿಲ್ಲದೆ ಏರಿದರೆ, ಚೀಟಿ ಬರೆಯುವ ಮೊದಲು ಈಗ ತಪ್ಪದೆ ಕೇಳುತ್ತೇನೆ: ‘ಇತ್ತೀಚೆಗೆ ಮನ್ಯಾಗ ಏನಾತ್ರಿ?’